ಗೌಂಡಿಯ ಮನೆಗೆ ಇನ್ನೊಬ್ಬ ಗೌಂಡಿ

ನಮ್ಮ ಮನೆಗೆ ಒಬ್ಬ ಗೌಂಡಿಯನ್ನು ಕರೆಸಬೇಕು ಎಂದು ನಾನು ಬಾಯಿ ಬಿಟ್ಟು ಹೇಳಿದ್ದು ಮದುವೆಯಾದ ಮೂವತ್ತೆಂಟನೇ ವರ್ಷಕ್ಕೆ. ಹೇಳಿದ್ದು ಯಾರಿಗೆ? ಗೌಂಡಿಗೇ. ರೊಟ್ಟಿ ಮುರಿಯುತ್ತಿದ್ದ ಕೈ ಹಾಗೇ ನಿಂತಿತು. ನಮ್ಮವರು ಬೈಯಲಿಲ್ಲ, ಕೂಗಾಡಲಿಲ್ಲ, ತಾಟು ಸರಿಸಿ ಎದ್ದು ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ನನ್ನ ನಾಲಿಗೆ ಅಂಥದ್ದು. ಇಳಕಲ್ಲಿನ ನಮ್ಮ ಓಣಿಯಲ್ಲಿ ಕೇಳಿ ನೋಡಿ, ಲಾಲಬಿ ಬಂದಳೆಂದರೆ ನಳದ ಹತ್ತಿರ ತಾವಾಗಿ ಕೊಡ ಸರಿಸುವವರಿದ್ದಾರೆ.

ನಮ್ಮವರ ಹೆಸರು ಸುಭಾನಸಾಬ. ಹದಿನಾರನೇ ವಯಸ್ಸಿಗೆ ಗೌಂಡಿ ಕೆಲಸಕ್ಕೆ ಕರಣಿ ಹಿಡಿದವರು, ಈಗ ಅರವತ್ತೆರಡು. ಇಳಕಲ್ಲು, ಹುನಗುಂದ, ಗುಡೂರು, ಆ ಕಡೆ ಬನಶಂಕರಿಯವರೆಗೆ ಅವರು ಕಟ್ಟಿದ ಮನೆಗಳಿವೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಬೆರಳು ಚಾಚಿ, 'ಅದು ನಂದು, ಆ ಹಳದಿ ಬಣ್ಣದ್ದೂ ನಂದು' ಎನ್ನುತ್ತಾರೆ. ಪಕ್ಕದಲ್ಲಿ ಕೂತವರು ಇವರನ್ನು ಯಾವುದೋ ದೊಡ್ಡ ಸಾಹುಕಾರ ಎಂದುಕೊಳ್ಳಬೇಕು, ಹಾಗೆ. ನಾವು ಇರುವ ಮನೆ ಮಾತ್ರ ಅವರ ಅಪ್ಪನ ಕಾಲದ್ದು. ಕಲ್ಲು ಮಣ್ಣಿನ ಗೋಡೆ, ಗೋಡೆಯಿಂದ ಗೋಡೆಗೆ ಮರದ ತೊಲೆ, ತೊಲೆಯ ಮೇಲೆ ಪರಸಿ ಕಲ್ಲಿನ ಚಪ್ಪಡಿ, ಅದರ ಮೇಲೆ ಮಣ್ಣು.

ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗಿಂತ ಮುಂಚೆ ಸವುಳು ಮಣ್ಣು ಹಾಕುವುದು ನಮ್ಮ ಕಡೆಯ ರೂಢಿ. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಆದರೆ ಹೋದ ವರ್ಷದ್ದನ್ನು ಕೆರೆದು ಕೆಳಗೆ ಹಾಕಿ ಆಮೇಲೆ ಹೊಸದು ಹಾಕಬೇಕು. ಕೆರೆಯುವುದು ಬೇಸರದ ಕೆಲಸ. ಒಂದು ವರ್ಷ ಕೆರೆಯುವುದು ಬಿಟ್ಟು ಮೇಲೆಯೇ ಹೊಸದು ಹಾಕಿದೆವು, ಸೋರಲಿಲ್ಲ. ಮರುವರ್ಷವೂ ಬಿಟ್ಟೆವು. ಆಮೇಲೆ ಕೆರೆಯುವ ಮಾತೇ ಮನೆಯಲ್ಲಿ ಬರಲಿಲ್ಲ. ನಾನು ಮದುವೆಯಾಗಿ ಬಂದಾಗ ಬೆಳಕಿಂಡಿಯ ಕಟ್ಟೆ ಮಾಳಿಗೆಯ ಮೇಲೆ ಒಂದೂವರೆ ಮೊಳ ಎತ್ತರ ಇತ್ತು, ಅದರ ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದೆ. ಈಗ ಮಣ್ಣು ಅದರ ಬಾಯಿಗೆ ಬಂದಿದೆ. ಅಷ್ಟೂ ಭಾರ ಆ ಮುದಿ ತೊಲೆಗಳ ಮೇಲೆ. ಊರವರ ಮನೆಗೆ ಹೋದರೆ ಇದೇ ಮನುಷ್ಯ, 'ಮದ್ಲ ಹಳೇ ಮಣ್ಣ ಕೆರೀರಿ, ಇಲ್ಲಂದ್ರ ಮನಿ ಕುಸದ ಕುಂದರತೈತಿ' ಎಂದು ಬುದ್ಧಿ ಹೇಳಿ ಬರುತ್ತಿದ್ದರು.

ಹಿಂದಿನ ಕೋಣೆಯಲ್ಲಿ ಸೊಸೆ ಆರಿಫಾ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾಳೆ. ಮಗ ಅಫ್ಜಲ ಗ್ರಾನೈಟ್ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಆ ಕೋಣೆಯ ಗೋಡೆ ಹೋದ ವರ್ಷವೇ ಬಿರುಕು ಬಿಟ್ಟಿತ್ತು. ನಮ್ಮವರು ಅದರ ಮೇಲೆ ಸಿಮೆಂಟು ಬಳಿದು ಕೈ ತೊಳೆದರು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ನೀರು ಹೊರಗೆ ಬರುವುದಿಲ್ಲ, ಒಳಗೊಳಗೇ ಕೆಸರಾಗುತ್ತದೆ ಎಂದು ನನಗೆ ಕಲಿಸಿದವರು ಅವರೇ. ಆವತ್ತೇ ನನಗೆ ಸಂಶಯ ಬರಬೇಕಿತ್ತು. ಬಂದಿದ್ದು ಸಿಟ್ಟು ಮಾತ್ರ. ಈ ವರ್ಷ ರಮಜಾನ್ ಮುಗಿಯುವುದರೊಳಗೆ ಬಿರುಕು ಸಿಮೆಂಟನ್ನೂ ಸೀಳಿಕೊಂಡು ಗೋಡೆಯ ಗೂಡಿನಿಂದ ತೊಲೆಯ ಬುಡದವರೆಗೆ ಹತ್ತಿತು.

ಅವರು ತಾಟು ಸರಿಸಿ ಎದ್ದುಹೋದ ಮರುದಿನ ಬೆಳಗ್ಗೆ ನಾನು ಅವರ ಮುಂಗೈ ಹಿಡಿದು ಆ ಕೋಣೆಗೆ ಎಳೆದುಕೊಂಡು ಹೋದೆ.

"ನೋಡ್ರಿ. ಕಣ್ಣ ತಗದ ನೋಡ್ರಿ. ಬೆರಳ ಹೊಕ್ಕತೈತಿ ಅದರಾಗ."

"ನೋಡಾಕತ್ತೀನಲ್ಲ," ಎಂದರು. "ಕೂದಲೆಳಿಯಷ್ಟ ಐತಿ. ಮ್ಯಾಲಿನ ಗಿಲಾವು ಬಿಟ್ಟೈತಿ ಅಷ್ಟ, ಗ್ವಾಡಿಗೇನೂ ಆಗಿಲ್ಲ. ಎಲ್ಲಾದಕ್ಕೂ ಎದಿ ಎದಿ ಬಡ್ಕೋಬ್ಯಾಡ."

ಯಾ ಅಲ್ಲಾ, ಎಷ್ಟು ಸುಳ್ಳು ಹೇಳುತ್ತಾನಪ್ಪ ಈ ಗಂಡಸು ಎಂದು ನಾನು ಬಾಯಿ ತೆರೆದೆ. ಆಗ ಕಂಡಿತು. ಅವರ ಮುಖ ಬಿರುಕಿನ ಕಡೆ ಇರಲಿಲ್ಲ. ಒಂದು ಮೊಳ ಎಡಕ್ಕೆ, ಏನೂ ಇಲ್ಲದ ಬಿಳಿ ಗೋಡೆಯನ್ನು ನೋಡುತ್ತ ಅವರು ನನ್ನ ಜೊತೆ ವಾದ ಮಾಡುತ್ತಿದ್ದರು. ನಾನು ಸಪ್ಪಳ ಮಾಡದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಅವರು ನಾನು ಮೊದಲು ನಿಂತಿದ್ದ ಜಾಗಕ್ಕೇ ಇನ್ನೂ ಏನೋ ಹೇಳುತ್ತಿದ್ದರು.

"ನಿಮಗ ಕಾಣಂಗಿಲ್ಲ," ಎಂದೆ.

ಆರಿಫಾ ಒಲೆಯ ಮುಂದೆ ಇದ್ದಳು, ಅವಳಿಗೆ ಕೇಳಬಾರದೆಂದು ಅವರು ಬಾಗಿಲು ಮುಂದೆ ಮಾಡಿದರು. ಬಾಗಿಲನ್ನೂ ಕೈಯಿಂದ ತಡವಿಯೇ ಹಿಡಿದರು. ಇದನ್ನೆಲ್ಲ ನಾನು ಎಷ್ಟು ದಿನದಿಂದ ನೋಡುತ್ತಿದ್ದೆ, ನೋಡಿಯೂ ನೋಡಿರಲಿಲ್ಲ.

"ಬಿಸಲಾಗ ಕಾಣತೈತಿ," ಎಂದರು. "ಒಳಗ ಬಂದ್ರ ಎಲ್ಲಾ ಮಬ್ಬ. ನಟ್ಟನಡುವ ಒಂದ ಕಪ್ಪ ಕಲಿ ನಿಂತಂಗ ಆಗತೈತಿ. ಹ್ವಾದ ದೀಪಾವಳಿ ಮುಂದ ಬಾಗಲಕೋಟ್ಯಾಗ ಕಣ್ಣಿನ ಡಾಕ್ಟರಿಗೆ ತೋರ್ಸಿದ್ನಿ. ಸಕ್ರಿ ಬ್ಯಾನಿ ಕಣ್ಣಿನ ಹಿಂದ ಹೋಗೇತಂತ. ಇಷ್ಟ ದಿನ ಯಾಕ ಬರಲಿಲ್ಲ ಅಂತ ಬೈದ್ರು. ಸೂಜಿ ಮಾಡಬೇಕಂತ, ಮಾಡಿದ್ರೂ ಹೋಗಿದ್ದು ಹೊಳ್ಳಿ ಬರಂಗಿಲ್ಲಂತ."

"ಸಿಮೆಂಟ್ ಅಂಗಡಿಗೆ ಹೋಗಿದ್ದೆ ಅಂದ್ರಿ ಆವತ್ತ."

"ಹೌದು, ಅಂದ್ನಿ."

ನನಗೆ ಹೊಡೆಯಬೇಕು ಅನ್ನಿಸಿತು, ಅಳಬೇಕು ಅನ್ನಿಸಿತು. ಎರಡೂ ಮಾಡಲಿಲ್ಲ. ಅವರು ನನ್ನ ಕೈ ಹುಡುಕಿ ಹಿಡಿದರು.

"ಹುನಗುಂದದ ಶಿವಲಿಂಗವ್ವಾರ ಮನಿ ಒಂದ ಮುಗೀಲಿ. ಅದ ಕಡೀ ಮನಿ. ಆಮ್ಯಾಲ ಕರಣಿ ಕೆಳಗಿಡ್ತೇನಿ. ಅಲ್ಲೀತನಾ ಯಾರ ಮುಂದೂ ಬಾಯಿ ಬಿಡಬ್ಯಾಡ ಲಾಲಬಿ. ನಮ್ಮ ಮನಿಗೆ ಇನ್ನೊಬ್ಬ ಗೌಂಡಿ ಕಾಲಿಟ್ಟಾ ಅಂದ್ರ ಊರಿಗೆ ತಿಳೀತದ, ಸುಭಾನಸಾಬಗ ತನ್ನ ಗ್ವಾಡಿನ ಕಾಣಲಿಲ್ಲ ಅಂತ. ಅವತ್ತಿಗೆ ನಾ ಮುಗದಂಗ."

ಇದು ಅವರು ಸುಮ್ಮನೆ ಹೇಳಿದ ಮಾತಲ್ಲ. ನಮ್ಮ ಕಡೆಯ ಗೌಂಡಿಗಳಲ್ಲಿ ಒಂದು ಕಟ್ಟಳೆ ಇದೆ. ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡನ್ನು ಗೋಡೆಯ ಮೇಲಿನಿಂದ ಇಳಿಬಿಟ್ಟು ಗೋಡೆ ನೇರ ಇದೆಯೋ ವಾಲಿದೆಯೋ ನೋಡುತ್ತಾರಲ್ಲ, ತನಗೆ ಕೆಲಸ ಕಲಿಸಿದ ಉಸ್ತಾದನ ಗೋಡೆಗೆ ಶಿಷ್ಯನಾದವನು ಹಾಗೆ ಗುಂಡು ಬಿಡುವುದಿಲ್ಲ. ಬಿಟ್ಟರೆ ಉಸ್ತಾದನ ಕೈಯನ್ನೇ ಸಂಶಯಪಟ್ಟ ಹಾಗೆ. ಉಸ್ತಾದ ತಾನಾಗಿ ತನ್ನ ಗುಂಡನ್ನು ಕೈಗೆ ಕೊಟ್ಟರೆ ಮಾತ್ರ ಬಿಡಬಹುದು, ಮತ್ತು ಹಾಗೆ ಕೊಟ್ಟ ಉಸ್ತಾದ ಮತ್ತೆ ಕೆಲಸಕ್ಕೆ ಹೋಗುವುದಿಲ್ಲ. ಈ ಸುತ್ತಿನಲ್ಲಿ ಗೌಂಡಿ ಅನ್ನಿಸಿಕೊಂಡವರೆಲ್ಲ ಒಂದಲ್ಲ ಒಂದು ದಿನ ನಮ್ಮವರ ಕೈಕೆಳಗೆ ಕಲ್ಲು ಹೊತ್ತವರೇ. ಯಾರನ್ನು ಕರೆಯಲಿ?

ನಾನು ಸುಮ್ಮನಾದೆ. ಓಣಿಯೆಲ್ಲ ಹೆದರುವ ಈ ಬಾಯಿ ಇಪ್ಪತ್ತೊಂದು ದಿನ ಮುಚ್ಚಿಕೊಂಡಿತು. ಮಷೀನು ಮುಂದಿನ ಕೋಣೆಗೆ ತಂದಿಟ್ಟುಕೋ ಎಂದು ಆರಿಫಾಗೆ ಹೇಳಿದೆ. ಯಾಕೆ ಅಂದಳು. ಇಲಿ ಆಗಿದಾವೆ ಅಂದೆ. ಬಿರುಕಿನ ಮೇಲೆ ಒಂದು ಹಳೆಯ ಕ್ಯಾಲೆಂಡರು ತೂಗುಹಾಕಿದೆ. ಹುನಗುಂದದ ಕೆಲಸ ಬೇಗ ಮುಗಿಯಲಿ ಎಂದು ಐದು ಹೊತ್ತೂ ಬೇಡಿಕೊಂಡೆ. ನನ್ನ ಮನೆ, ನನ್ನ ಗಂಡ, ಅವರ ಮಾನ, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅದರಾಚೆ ಒಂದು ಚೂರೂ ಯೋಚಿಸಲಿಲ್ಲ.

ನನಗೆ ಗೊತ್ತಾದ ಐದನೇ ದಿನ ಶಿವಲಿಂಗವ್ವನವರ ಮನೆಯ ಪಾವಟಿಗೆ ಹಾಕಿದರು. ಪಾವಟಿಗೆ ಎಂದರೆ ಮೇಲಿನ ಮಹಡಿಗೆ ಹತ್ತುವ ಕಾಂಕ್ರೀಟಿನ ಮೆಟ್ಟಿಲು. ನಮ್ಮವರು ಸಂಜೆ ಗಡ್ಡದಲ್ಲಿ ಸಿಮೆಂಟು ಮೆತ್ತಿಕೊಂಡು ಬಂದು ಹುಡುಗನ ಹಾಗೆ ಬೀಗಿದರು. "ಒಬ್ಬರನ್ನೂ ಕೇಳಲಿಲ್ಲ ನೋಡು, ಕೈಲೆ ಮುಟ್ಟಿ ಮುಟ್ಟಿ ಕಂಬಿ ಕಟ್ಟಿದ್ನಿ. ನನ್ನ ಬೆರಳಾಗ ಕಣ್ಣ ಅದಾವ" ಎಂದರು. ನಾನು ಅವತ್ತು ಸಕ್ಕರೆ ಕಾಯಿಲೆಯನ್ನೂ ಮರೆತು ಚೂರು ಶಿರಾ ಮಾಡಿ ಹಾಕಿದೆ. ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಇಪ್ಪತ್ತನೇ ದಿನ ಮೃಗಶಿರಾ ಮಳೆ ಹೊಡೆಯಿತು. ಮಧ್ಯಾಹ್ನದ ಹೊತ್ತು. ಮುಂದಿನ ಕೋಣೆಯಲ್ಲಿ ಓಣಿಯ ಮಂದಿ ಇಣುಕುತ್ತಾರೆಂದು ಆರಿಫಾ ಎರಡು ದಿನದ ಹಿಂದೆಯೇ ಮಷೀನನ್ನು ವಾಪಸ್ಸು ಹಿಂದಿನ ಕೋಣೆಗೆ ಒಯ್ದಿದ್ದಳು. ನಾನು ಎರಡು ಸಲ ಬೈದೆ, ಕಾರಣ ಮಾತ್ರ ಹೇಳಲಿಲ್ಲ. ಮಳೆ ಶುರುವಾಯಿತೆಂದು ಅವಳು ಹಗ್ಗದ ಮೇಲಿನ ಬಟ್ಟೆ ತರಲು ಹಿತ್ತಲಿಗೆ ಓಡಿದಳು. ಅವಳ ಕಾಲು ಹೊಸ್ತಿಲು ದಾಟಿತ್ತೋ ಇಲ್ಲವೋ, ಹಿಂದೆ ಧಡ್ ಎಂದು ಸದ್ದಾಯಿತು. ನಾನು ಹೋಗಿ ನೋಡುತ್ತೇನೆ, ತೊಲೆ ಒಂದು ಕಡೆ ಜಗ್ಗಿ ಎರಡು ಪರಸಿ ಕಲ್ಲು ಕೆಳಗೆ ಬಂದಿವೆ, ಅದರ ಹಿಂದೆ ಮಣ್ಣು. ಅವಳು ಕೂತಿದ್ದ ಸ್ಟೂಲು ಕಾಣಿಸುತ್ತಿರಲಿಲ್ಲ. ಆರಿಫಾ ಬರಿಗೈಯಲ್ಲಿ, ಮಳೆಯಲ್ಲಿ ನೆನೆಯುತ್ತ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ಅಮ್ಮಾ, ನಾ ಈಗ ಎದ್ದೆ," ಎಂದಳು. ಅದನ್ನೇ ನಾಲ್ಕು ಸಲ ಹೇಳಿದಳು.

ನಮ್ಮವರು ಸಂಜೆ ಬಂದರು. ಆ ದಿನ ಪಾವಟಿಗೆ ಗಟ್ಟಿಯಾಗುವವರೆಗೆ ಕೆಳಗೆ ಆಸರೆ ಕೊಟ್ಟಿದ್ದ ಹಲಗೆ ಕಟ್ಟಿಗೆಯನ್ನೆಲ್ಲ ಬಿಚ್ಚಿ ಬಂದಿದ್ದರು. ಮಣ್ಣಿನ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದರು. ಮುಖ ಸಣ್ಣದಾಗಿತ್ತು. ಆದರೂ ಬಾಯಿಂದ ಬಂದದ್ದೇನು?

"ಎರಡ ಪರಸಿ ಜಾರ್ಯಾವ ಅಷ್ಟ. ಬರೂ ಐತಾರ ನಾನ ಎತ್ತಿ ಕುಂದರಸ್ತೇನಿ. ಮ್ಯಾಲ ಇನ್ನೀಟ ಸವುಳ ಮಣ್ಣ ಹಾಕಿದ್ರ ನೀರ ಬರಂಗಿಲ್ಲ."

ಇನ್ನಷ್ಟು ಮಣ್ಣು! ಅವರು ನಮಾಜಿಗೆ ಕೂತಾಗ ಅವರ ಕೆಲಸದ ಚೀಲದಿಂದ ಹಿತ್ತಾಳೆಯ ಗುಂಡನ್ನು ತೆಗೆದು ನನ್ನ ಟ್ರಂಕಿನಲ್ಲಿಟ್ಟೆ.

ಮರುದಿನ ಅವರು ಹುನಗುಂದಕ್ಕೆ ಹೋದ ಮೇಲೆ, ಆರಿಫಾಳನ್ನು ಪಕ್ಕದ ಮನೆಯಲ್ಲಿ ಕೂರಿಸಿ ನಾನು ಅಮೀನಗಡದ ಬಸ್ಸು ಹತ್ತಿದೆ. ಬಸ್ಸು ಹುನಗುಂದದ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತಿತು. ಅವರು ಅಲ್ಲೇ ಎಲ್ಲಾದರೂ ಚಹಾ ಕುಡಿಯುತ್ತ ನಿಂತಿದ್ದರೆ ನನ್ನನ್ನು ನೋಡಿಬಿಟ್ಟಾರೆಂದು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ. ಬಸ್ಸು ಹೊರಟ ಮೇಲೆ ನೆನಪಾಯಿತು, ಕಿಟಕಿಯ ಪಕ್ಕವೇ ಬಂದು ನಿಂತರೂ ಅವರು ನನ್ನ ಮುಖ ಗುರುತು ಹಿಡಿಯುತ್ತಿರಲಿಲ್ಲ. ಆಗ ಅಳು ಬಂತು. ಕಂಡಕ್ಟರ್ ಚಿಲ್ಲರೆ ಕೊಡಲು ಬಂದವನು ಸುಮ್ಮನೆ ಮುಂದೆ ಹೋದ.

ಈರಪ್ಪ ನಮ್ಮವರ ಹತ್ತಿರ ಹನ್ನೆರಡು ವರ್ಷ ಕೆಲಸ ಕಲಿತವನು. ಈಗ ಗುತ್ತಿಗೆ ಹಿಡಿಯುತ್ತಾನೆ. ಅಮೀನಗಡದ ದೊಡ್ಡ ರಸ್ತೆಗೆ ಕರದಂಟಿನ ಅಂಗಡಿಗಳ ಸಾಲಿನಲ್ಲೇ ಒಂದು ಹೊಸ ಕಟ್ಟಡ ಎಬ್ಬಿಸುತ್ತಿದ್ದ. ನನ್ನನ್ನು ಕಂಡದ್ದೇ ಮೇಲಿನಿಂದ ಇಳಿದು ಬಂದು ಕಾಲು ಮುಟ್ಟಿದ. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬರುತ್ತಿತ್ತು. ಮಾಳಿಗೆ ಬಿದ್ದದ್ದನ್ನು ಹೇಳಿದೆ.

"ಅವ್ವಾರ, ನಾ ಹೆಂಗ ಬರ್ಲಿ?" ಎಂದ. "ಉಸ್ತಾದರ ಗ್ವಾಡಿಗೆ ನಾ ಗುಂಡ ಬಿಡ್ಲ್ಯಾ? ಅವ್ರ ಅನ್ನಾ ಉಂಡೀನ್ರಿ ನಾ."

ನಾನು ಸೆರಗಿನ ಗಂಟು ಬಿಚ್ಚಿ ಗುಂಡನ್ನು ಅವನ ಅಂಗೈಗೆ ಹಾಕಿದೆ.

"ಅವ್ರ ಕೊಟ್ಟ ಕಳಿಸ್ಯಾರ."

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರ ಮೇಲಿನ ನೆಗ್ಗು ಅವನಿಗೆ ಗೊತ್ತಿತ್ತು. ಕಣ್ಣಿಗೆ ಒತ್ತಿಕೊಂಡ. "ಹಂಗಾರ ಉಸ್ತಾದ್ರು ಕೆಲಸಾ ಬಿಟ್ರು," ಎಂದ. ಹೂಂ ಅಂದೆ. ಅಷ್ಟು ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ.

ಮಧ್ಯಾಹ್ನ ಎರಡಕ್ಕೆಲ್ಲ ಅವನು ಟೆಂಪೋದಲ್ಲಿ ಆಸರೆಯ ಬಲ್ಲಿ ಕಂಬಗಳನ್ನು, ಇಬ್ಬರು ಆಳುಗಳನ್ನು ಹಾಕಿಕೊಂಡು ಬಂದ. ಮೊದಲು ಕ್ಯಾಲೆಂಡರು ತೆಗೆದು ಬಿರುಕು ನೋಡಿದ. ನನ್ನನ್ನೂ ನೋಡಿದ. ಆಮೇಲೆ ಹೊರಗೆ ಹೋಗಿ, ಚಪ್ಪಲಿ ಕಳಚಿಟ್ಟು, ಮೇಲಿನಿಂದ ಗುಂಡು ಬಿಟ್ಟ. ದಾರ ನಿಲ್ಲುವವರೆಗೆ ಕಾದ. ಗೋಡೆ ನಾಲ್ಕು ಬೆರಳು ಹೊರಗೆ ಬಂದಿತ್ತು. ಸಿಮೆಂಟಿನ ಒಂದು ಚಕ್ಕೆ ಎಬ್ಬಿಸಿ ಒಳಗೆ ಕೈ ಹಾಕಿದರೆ ಮಣ್ಣು ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಬಂತು. ಮಾಳಿಗೆ ಹತ್ತಿ ಕಂಬಿ ಚುಚ್ಚಿ ಅಳತೆ ಮಾಡಿ ಇಳಿದ.

"ಒಂದೂವರಿ ಮೊಳಕ್ಕಿಂತ ಹೆಚ್ಚ ಮಣ್ಣ ಐತ್ರಿ ಮ್ಯಾಲ. ಇವತ್ತ ರಾತ್ರಿ ಯಾರೂ ಈ ಕ್ವಾಣ್ಯಾಗ ಕಾಲ ಇಡಬ್ಯಾಡ್ರಿ. ನಾಳಿಂದ ಮಣ್ಣ ಇಳಸ್ತೇನಿ, ಈ ಗ್ವಾಡಿ ಬಿಚ್ಚಿ ಕಟ್ಟಬೇಕ." ಆಳುಗಳಿಗೆ ಬಲ್ಲಿ ನಿಲ್ಲಿಸಲು ಹೇಳಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಅವ್ವಾರ, ಸಿಟ್ಟಾಗಬ್ಯಾಡ್ರಿ. ಇದು ಉಸ್ತಾದ್ರಿಗೆ ಕಾಣಲಿಲ್ಲಾ?"

"ಇಲ್ಲಪ್ಪಾ," ಎಂದೆ. "ಅವ್ರಿಗೆ ಕಣ್ಣ ಕಾಣಂಗಿಲ್ಲ."

ಹೇಳಿದ್ದೇ ತಡ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಯ್ಯೋ ಪಾಪ ಅಂದಾನು, ಸಮಾಧಾನ ಹೇಳಿಯಾನು ಎಂದುಕೊಂಡೆ. ಈರಪ್ಪ ಅಯ್ಯೋ ಅನ್ನಲಿಲ್ಲ. ಅವನು ಹೆದರಿದ.

"ಹುನಗುಂದದಾಗ ಪಾವಟಿಗಿ ಹಾಕ್ಯಾರಂತ ಕೇಳಿದ್ನಿ, ಅದನ್ನ ಯಾರ ಕಟ್ಟಿದ್ರಿ? ಕಂಬಿ ಯಾರ ಕಟ್ಟಿದ್ರಿ?"

ಕೈಯಿಂದ ಮುಟ್ಟಿ ಮುಟ್ಟಿ ಕಟ್ಟಿದೆನೆಂದು ಅವರು ಬೀಗಿದ್ದು, ನಾನು ಶಿರಾ ಮಾಡಿದ್ದು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಇಷ್ಟು ದಿನ ನನ್ನ ತಲೆಯ ಮೇಲಿನ ಮಾಳಿಗೆಗೆ ಹೆದರಿದ್ದೆನೇ ಹೊರತು, ಇದೇ ಕಣ್ಣು ದಿನಾ ಬೆಳಗ್ಗೆ ಇನ್ನೊಬ್ಬರ ಮನೆ ಕಟ್ಟಲು ಹೋಗುತ್ತಿದೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ನಾನೇ ಬುತ್ತಿ ಕಟ್ಟಿ ಕಳಿಸುತ್ತಿದ್ದೆ.

"ಉಸ್ತಾದ್ರು ಬರೂತನಾ ಕುಂದರ್ತೇನಿ," ಎಂದು ಈರಪ್ಪ ಆಳುಗಳನ್ನು ಕಳಿಸಿ ಕೂತುಕೊಂಡ. ಆರಿಫಾಳೂ ಪಕ್ಕದ ಮನೆಯಿಂದ ಬಂದಳು.

ಹೊತ್ತು ಮುಳುಗುವ ಹೊತ್ತಿಗೆ ಅವರು ಬಂದರು. ಚಪ್ಪಲಿ ಬಿಟ್ಟು, ದಿನದಂತೆ ಕೈಕಾಲು ತೊಳೆಯಲು ಪಡಸಾಲೆ ದಾಟಿ ಹಿತ್ತಲ ಕಡೆ ಸೀದಾ ನಡೆದರು. ಹಿಂದಿನ ಕೋಣೆಯ ತೊಲೆಗೆ ಕೊಟ್ಟ ಆಸರೆ ಸಾಲದೆಂದು ಈರಪ್ಪ ಪಡಸಾಲೆಯಲ್ಲೂ ಒಂದು ಬಲ್ಲಿ ನಿಲ್ಲಿಸಿದ್ದ. ನಾನು 'ರೀ' ಎನ್ನುವುದರೊಳಗೆ ಅವರ ಹಣೆ ಅದಕ್ಕೆ ಬಡಿಯಿತು. ಮನೆಯ ನಟ್ಟನಡುವೆ, ತೊಡೆಯಷ್ಟು ದಪ್ಪದ ಕಂಬಕ್ಕೆ, ನಾವು ಮೂವರು ನೋಡುತ್ತಿದ್ದಂತೆ.

ಅವರು ಕೂಗಲಿಲ್ಲ. ಒಂದು ಕೈ ಹಣೆಗಿಟ್ಟುಕೊಂಡು ಇನ್ನೊಂದು ಕೈಯಿಂದ ಬಲ್ಲಿಯನ್ನು ಮೇಲಿನಿಂದ ಕೆಳಗೆ ಸವರಿದರು. ಬುಡಕ್ಕೆ ಹೊಡೆದ ಬೆಣೆಯನ್ನು, ಹಗ್ಗದ ಗಂಟನ್ನು ಮುಟ್ಟಿದರು.

"ಈರಪ್ಪಾ," ಎಂದರು.

"ಹೌದ್ರಿ ಉಸ್ತಾದ." ಅವನು ಎದ್ದು ನಿಂತಿದ್ದ.

"ಎಷ್ಟ ವಾಲೇತಿ?"

"ನಾಕ ಬಟ್ಟ್ರಿ."

ಅವರು ಬಲ್ಲಿಗೆ ಒರಗಿ ಕೆಳಗೆ ಕೂತರು. ನಾನು ಹಣೆಯ ರಕ್ತ ಒರೆಸಲು ಹೋದೆ, ಕೈ ತಳ್ಳಲಿಲ್ಲ. "ಚೀಲದಾಗ ಗುಂಡ ಇದ್ದಿದ್ದಿಲ್ಲ," ಎಂದರು. "ಮುಂಜಾನಿ ಬಸ್ಸಿನ್ಯಾಗ ಕೈ ಹಾಕಿ ನೋಡಿದ್ನಿ. ನೀ ಎಲ್ಲಿ ಹೋಗಿರ್ತಿ ಅಂತ ಆವಾಗನ ತಿಳೀತು. ಹೊಳ್ಳಿ ಬರಬೇಕಂದ್ನಿ, ಬರಲಿಲ್ಲ. ನೀನರೆ ಮಾಡು ಅಂತ ಬಿಟ್ಟೆ."

ಈರಪ್ಪ ಅವರ ಮುಂದೆ ಮಂಡಿಯೂರಿ ಕೂತ. ಕೇಳಲಾರದೆ ಕೇಳಿದ. "ಉಸ್ತಾದ, ಪಾವಟಿಗಿ ಕಂಬಿ ಗ್ವಾಡಿಯೊಳಗ ಎಷ್ಟ ಹೋಗ್ಯಾವ?"

"ಒಂದ ಗೇಣ."

"ಎಲ್ಲಾ?"

"ಕೈಗೆ ಸಿಕ್ಕವು ಹೋಗ್ಯಾವ. ಪಾವಟಿಗಿ ಮುಗಿಯೂ ಮ್ಯಾಲಿನ ಕಟ್ಟಿ ಕಡೆ ನನಗ ಕೈ ನಿಲುಕಲಿಲ್ಲ. ಯಾರನ್ನರೆ ಕೇಳಬೇಕಿತ್ತು. ಕೇಳಿದ್ರ ಕಾಣಂಗಿಲ್ಲ ಅಂತ ಗೊತ್ತಾಗ್ತಿತ್ತು."

"ಕೆಳಗಿನ ಹಲಿಗಿ ಅದಾವಿಲ್ಲೋ?"

"ನಿನ್ನಿ ಬಿಚ್ಚಿದ್ವಿ," ಎಂದರು. "ನಾಳೆ ಮುಂಜಾನಿ ಮೂವರೂ ಹೋಗಿ ನೋಡೂಣು."

"ನಾಳೆ, ಐತಾರ, ಆ ಮನಿ ಮುಗೀಲಿ, ಈ ಮನಿ ಮುಗೀಲಿ!" ನನ್ನ ದನಿ ನನಗೇ ಗುರುತು ಸಿಗದ ಹಾಗೆ ಎದ್ದಿತು. "ನಿನ್ನೆ ನಿಮ್ಮ ಸೊಸಿ ಒಂದ ಹೆಜ್ಜಿಲೆ ಉಳದಾಳ! ಅಲ್ಲಿ ಯಾರ ಮ್ಯಾಲ ಬೀಳಬೇಕ ಅದು? ಈಗ ಹಚ್ಚರಿ ಫೋನ. ನಾನಲ್ಲ, ಈರಪ್ಪಲ್ಲ, ನೀವ ಮಾತಾಡ್ರಿ."

ಅವರು ಕಿಸೆಯಿಂದ ಫೋನು ತೆಗೆದು ನನ್ನ ಕಡೆ ಚಾಚಿದರು. ನಂಬರು ಹುಡುಕಲು ಅವರಿಗೆ ಆಗುತ್ತಿರಲಿಲ್ಲ. ನಾನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ ಅವರ ಕೈಗೆ ಕೊಟ್ಟೆ.

"ಹೇಳ್ರಿ ಮೇಸ್ತ್ರಿ," ಎಂದರು ಶಿವಲಿಂಗವ್ವ. ನೀರು ಬೀಳುವ ಸಪ್ಪಳ ಕೇಳುತ್ತಿತ್ತು. "ನೂರ ವರ್ಷ ಆಯುಷ್ಯ ನಿಮಗ. ನಿಮ್ಮ ಪಾವಟಿಗಿಗೇ ನೀರ ಹೊಡ್ಯಾಕತ್ತೀನಿ. ಎರಡ ಹೊತ್ತೂ ತಪ್ಪಸಬ್ಯಾಡ್ರಿ ಅಂದಿದ್ರಲ್ಲ."

"ನೀವ ಎಲ್ಲಿ ನಿಂತೀರಿ?"

"ಎಲ್ಲಿ ಅಂದ್ರ? ಮ್ಯಾಲಿನ ಕಟ್ಟಿ ಮ್ಯಾಲ. ನಮ್ಮ ಹುಡುಗಿ ನೇತ್ರಾ ಪಾವಟಿಗಿ ಕೆಳಗ ಕುಂತಾಳ, ತಂಪ ಐತಿ ಅಂತ ಅಲ್ಲೇ ಓದಾಕತ್ತಾಳ."

"ಇಳೀರಿ!" ನಮ್ಮವರು ಎದ್ದು ನಿಂತರು. ಎದ್ದ ರಭಸಕ್ಕೆ ಮತ್ತೆ ಬಲ್ಲಿಗೆ ಹೆಗಲು ಬಡಿಯಿತು. "ಅವ್ವಾರ, ನೀರ ಬಿಡ್ರಿ, ಇಳೀರಿ ಮದ್ಲ! ಓಡಬ್ಯಾಡ್ರಿ, ಗ್ವಾಡಿ ಹಿಡಕೊಂಡ ಸಾವಕಾಶ ಇಳೀರಿ. ನೇತ್ರಾನ್ನ ಹೊರಗ ಕರೀರಿ. ಈಗ, ಈಗಿಂದೀಗ!"

ಆ ಕಡೆಯಿಂದ ಏನೋ ಬಿದ್ದ ಸದ್ದು ಬಂತು. 'ನೇತ್ರಾ, ಏ ನೇತ್ರಾ' ಎಂದು ಕೂಗಿದ್ದು ಕೇಳಿಸಿತು. ನಾನು ಈರಪ್ಪನ ತೋಳು ಹಿಡಿದುಕೊಂಡಿದ್ದೆ, ಅವನು ಕಣ್ಣು ಮುಚ್ಚಿದ್ದ. ನಮ್ಮವರು ಮಾತ್ರ ಫೋನನ್ನು ಕಿವಿಗೆ ಒತ್ತಿಕೊಂಡು, ಒಂದು, ಎರಡು, ಮೂರು ಎಂದು ತಾವು ಕಟ್ಟಿದ ಮೆಟ್ಟಿಲುಗಳನ್ನು ತುಟಿಯಲ್ಲೇ ಎಣಿಸುತ್ತಿದ್ದರು. ಹದಿನೇಳು ಆಗುವವರೆಗೆ ಉಸಿರು ಬಿಡಲಿಲ್ಲ.

"ಇಳದ್ನಿರಿ," ಎಂದರು ಶಿವಲಿಂಗವ್ವ, ಏದುಸಿರು ಬಿಡುತ್ತ. "ಅಂಗಳಕ್ಕ ಬಂದೇವಿ ಇಬ್ಬರೂ. ಏನಾತ್ರಿ? ಎದಿ ಒಡಿಸಿದ್ರಿ ನಂದು."

"ಆ ಪಾವಟಿಗಿ ಒಡಸ್ರಿ," ಎಂದರು ನಮ್ಮವರು. "ಯಾರೂ ಹತ್ತಬ್ಯಾಡ್ರಿ. ನಾಳೆ ಈರಪ್ಪ ಅಂತ ಬರ್ತಾನ, ನನಗಿಂತ ಚಲೋ ಗೌಂಡಿ, ಆಂವ ನೋಡ್ತಾನ. ನನಗ ಕಣ್ಣ ಕಾಣಂಗಿಲ್ರಿ ಅವ್ವಾರ. ಕಾಣದನ ಕಟ್ಟಿದ್ನಿ ಅದನ್ನ."

ಶಿವಲಿಂಗವ್ವ ಕೇಳಿದರು. "ಯಾವಾಗಿಂದ?"

"ವರ್ಷಾ ಆಗಾಕ ಬಂತು."

"ವರ್ಷಾ? ಮನ್ಯಾಗ ಯಾರಿಗೂ ಗೊತ್ತಿದ್ದಿಲ್ಲೇನ್ರಿ? ನಿಮ್ಮ ಲಾಲಬಿಗೂ?"

"ಇಲ್ರಿ," ಎಂದರು ಅವರು, ತಡವರಿಸದೆ. "ಆಕಿಗೇನೂ ಗೊತ್ತಿದ್ದಿಲ್ಲ. ನಾ ಯಾರಿಗೂ ಹೇಳಿದ್ದಿಲ್ಲ."

ನನ್ನನ್ನು ಉಳಿಸಲು ಹೇಳಿದ ಮಾತು. ಆರಿಫಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಇಲಿ ಆಗಿದಾವೆ ಎಂದು ನಾನು ಹೇಳಿದ್ದು ಯಾಕೆಂದು ಅವಳಿಗೆ ಆ ಗಳಿಗೆಯಲ್ಲಿ ತಿಳಿದಿತ್ತು. ನನಗೆ ಬದುಕಿನಲ್ಲೇ ಅಷ್ಟು ನಾಚಿಕೆ ಆಗಿರಲಿಲ್ಲ. ನಾನು ಅವರ ಕೈಯಿಂದ ಫೋನು ತೆಗೆದುಕೊಂಡೆ.

"ಅಕ್ಕಾರ, ನಾ ಲಾಲಬಿ," ಎಂದೆ. "ಅವ್ರ ಸುಳ್ಳ ಹೇಳಾಕತ್ತಾರ. ನನಗ ಗೊತ್ತಿತ್ರಿ. ಪಾವಟಿಗಿ ಹಾಕೂದಕ್ಕ ಐದ ದಿನಾ ಮದ್ಲ ಗೊತ್ತಿತ್ತು."